ಕ್ಯೂಜಿಐಎಸ್‌ನಲ್ಲಿ (ಮ್ಯಾಪ್ ಮಾಡುವ ಸಾಫ್ಟ್‌ವೇರ್) ಮಣ್ಣಿನ ಪೈ ಚಾರ್ಟ್ ಮ್ಯಾಪ್, ಸಹಾಯ ಬೇಕು

ನಮಸ್ಕಾರ. ನವಲಗುಂದ ಕಡೆಯ ಎರೆಹೊಲ, ಕಲಘಟಗಿ ಕಡೆಯ ಕೆಂಪು ಹೊಲ ಎರಡರಿಂದಲೂ ಮಣ್ಣಿನ ಸ್ಯಾಂಪಲ್ ತಂದಿದ್ದೇನೆ. ಎಲ್ಲಿ ಮರಳು, ಸಿಲ್ಟ್ (ಮರಳಿಗಿಂತ ಸಣ್ಣ, ಜೇಡಿಗಿಂತ ದೊಡ್ಡ ಕಣ), ಜೇಡಿ ಶೇಕಡಾ ಎಷ್ಟಿದೆ ಅಂತ ಮ್ಯಾಪ್ ಮೇಲೆ ಪೈ ಚಾರ್ಟ್‌ನಲ್ಲಿ ತೋರಿಸಬೇಕು. ಅಂಕಿಗಳ ಪಟ್ಟಿ ಇರುವ ಸಿಎಸ್‌ವಿ ಫೈಲ್ ತೆರೆದು, ಲೇಯರ್ ಪ್ರಾಪರ್ಟೀಸ್‌ನ ಡಯಾಗ್ರಾಮ್ಸ್‌ನಲ್ಲಿ ಮೂರೂ ಕಾಲಂ ಸೇರಿಸಿದೆ. ಮೊದಲು ಒಂದೂ ಬರಲಿಲ್ಲ, ಆಮೇಲೆ ನೋಡಿದರೆ ಅಂಕಿ ಪಕ್ಕ ನಾನೇ % ಹಾಕಿದ್ದಕ್ಕೆ ಸಾಫ್ಟ್‌ವೇರ್ ಎಲ್ಲವನ್ನೂ ಅಕ್ಷರ ಅಂದುಕೊಂಡಿತ್ತು (ಸುಮ್ನೆ ಅರ್ಧ ದಿನ ಹೋಯ್ತು!).

ಈಗಿನ ತೊಂದರೆ ಬೇರೆ. ಅಕ್ಕಪಕ್ಕದ ಹೊಲಗಳಲ್ಲಿ ಒಂದು ಚಾರ್ಟ್ ಬಂದರೆ ಇನ್ನೊಂದು ಮಾಯ. ರೆಂಡರಿಂಗ್‌ನಲ್ಲಿ 'ಶೋ ಆಲ್ ಡಯಾಗ್ರಾಮ್ಸ್' ಟಿಕ್ ಮಾಡಿದರೆ ಎಲ್ಲವೂ ಬರುತ್ತವೆ, ಆದರೆ ಒಂದರ ಮೇಲೊಂದು ಕೂರುತ್ತವೆ. ಸೈಜ್ ಜಾಸ್ತಿ ಇಳಿಸಿದರೆ ಜೇಡಿ ಯಾವುದು, ಸಿಲ್ಟ್ ಯಾವುದು ಗೊತ್ತೇ ಆಗಲ್ಲ. ಚಾರ್ಟನ್ನು ಪಕ್ಕಕ್ಕೆ ಸರಿಸಿ, ಜಾಗಕ್ಕೆ ಗೆರೆ ಎಳೆಯೋಕೆ ದಾರಿ ಇದೆಯಾ? ಮಾಡಿದವರು ಯಾರಾದರೂ ಇದ್ದರೆ ಹೇಳಿ.