ಟೇಬಲ್ ಸಾಲುಗಳನ್ನು ಎಳೆದು ಕ್ರಮ ಬದಲಿಸುವುದು: ಲ್ಯಾಪ್‌ಟಾಪ್‌ನಲ್ಲಿ ಆಗುತ್ತೆ, ಫೋನಿನಲ್ಲಿ ಆಗಲ್ಲ

ಪ್ರಶ್ನೆ (ಹಾಸನ ಕಡೆಯ ಸದಸ್ಯರು):

ನಮಸ್ಕಾರ ಮೇಡಂ. ಹಾಲಿನ ಗಾಡಿಗಳ ರೂಟ್ ನೋಡಿಕೊಳ್ಳುವವರಿಗೆ ಒಂದು ಸಣ್ಣ ವೆಬ್ ಪೇಜ್ ಮಾಡಿಕೊಡ್ತಾ ಇದ್ದೀನಿ. ಒಂದು ರೂಟಿಗೆ 15ರಿಂದ 40 ಊರು, ಊರಿಗೊಂದು ಸಾಲು. ಕ್ರಮಸಂಖ್ಯೆ, ಊರು, ಕ್ಯಾನ್ ಎಷ್ಟು, ಗಾಡಿ ಬರುವ ಹೊತ್ತು, ಇಷ್ಟೇ ಕಾಲಂ. ಮಳೆಗಾಲದಲ್ಲಿ ಹಳ್ಳ ಬಂದರೆ, ಜಾತ್ರೆಗೆ ರಸ್ತೆ ಕಟ್ಟಿದರೆ ಸೂಪರ್‌ವೈಸರ್ ಊರುಗಳ ಕ್ರಮ ಬದಲಿಸಬೇಕು. ಅದಕ್ಕೆ ಜೆಕ್ವೆರಿ ಯುಐ ಸಾರ್ಟಬಲ್ (ಸಾಲುಗಳನ್ನು ಎಳೆದು ಜೋಡಿಸೋ ಸಿದ್ಧ ಜಾವಾಸ್ಕ್ರಿಪ್ಟ್ ಕೋಡ್) ಹಾಕಿ, ಸಾಲನ್ನು ಮೌಸ್‌ನಲ್ಲಿ ಎಳೆದು ಬಿಡೋ ಹಾಗೆ ಮಾಡಿದೆ.

ಈಗ ನಾಲ್ಕು ತೊಂದರೆ. ಸಾಲನ್ನು ಹಿಡಿದು ಎತ್ತಿದ ಕೂಡಲೇ ಅದು ಕುಗ್ಗಿ ಮುದ್ದೆಯಾಗುತ್ತೆ. ತಲೆಬರಹದ ಸಾಲೂ ಎಳೆದರೆ ಬರುತ್ತೆ. ಫೋನಿನಲ್ಲಿ ಸಾಲು ಅಲುಗಾಡೋದೇ ಇಲ್ಲ, ಇಡೀ ಪುಟ ಸರಿಯುತ್ತೆ. ರಿಫ್ರೆಶ್ ಮಾಡಿದರೆ ಮತ್ತೆ ಹಳೇ ಕ್ರಮ. ಸೂಪರ್‌ವೈಸರ್‌ಗಳೆಲ್ಲ ಫೋನಿನಲ್ಲೇ ನೋಡೋದು. ನಾನು ಪುಸ್ತಕ, ವಿಡಿಯೊ ನೋಡಿ ಕಲಿತವನು, ದಯವಿಟ್ಟು ಬಿಡಿಸಿ ಹೇಳಿ.

ಉತ್ತರ:

ನಮಸ್ಕಾರ. ಎದುರಿಗೆ ಲ್ಯಾಪ್‌ಟಾಪ್ ಇಟ್ಟುಕೊಂಡು ಬರೆದು ಫೋನಿಗೆ ಕೊಟ್ಟ ದಿನ ನಮಗೆಲ್ಲ ಇದೇ ಆಗಿರುತ್ತೆ. ಮೊದಲ ಎರಡು ಬೇಗ ಮುಗಿಸಿಬಿಡೋಣ.

ಸಾಲು ಮುದ್ದೆಯಾಗೋದು ಯಾಕೆಂದರೆ, ಒಂದು ಕಾಲಂ ಎಷ್ಟು ಅಗಲ ಇರಬೇಕು ಅನ್ನೋದನ್ನು ಬ್ರೌಸರ್ ಇಡೀ ಟೇಬಲ್ ನೋಡಿ ಲೆಕ್ಕ ಹಾಕುತ್ತೆ. ಸಾರ್ಟಬಲ್ ನಿಮ್ಮ ಸಾಲನ್ನು ಆ್ಯಬ್ಸಲ್ಯೂಟ್ ಮಾಡಿ ಟೇಬಲ್‌ನ ಲೆಕ್ಕದಿಂದ ಹೊರಗೆ ತೆಗೆದ ಕ್ಷಣ ಆ ಅಗಲ ಅದಕ್ಕೆ ಸಿಗಲ್ಲ. ಎತ್ತುವ ಮುಂಚೆ ಒಂದೊಂದು ಸೆಲ್‌ನ ಅಗಲ ಅಳೆದು ಅದಕ್ಕೇ ಬರೆದುಬಿಡಿ. ಸಾರ್ಟಬಲ್‌ನಲ್ಲಿ ಹೆಲ್ಪರ್ ಅನ್ನೋ ಆಯ್ಕೆಗೆ ಫಂಕ್ಷನ್ ಕೊಡಬಹುದು, ಅಲ್ಲಿ ಈ ಕೆಲಸ ಮಾಡಿ. ತಲೆಬರಹ ಅಲುಗಾಡಬಾರದು ಅಂದರೆ ಅದನ್ನು ಟಿಹೆಡ್ (ಟೇಬಲ್‌ನ ತಲೆಭಾಗದ ಟ್ಯಾಗ್) ಒಳಗೆ, ಊರುಗಳನ್ನು ಟಿಬಾಡಿ (ಉಳಿದ ಸಾಲುಗಳ ಟ್ಯಾಗ್) ಒಳಗೆ ಇಟ್ಟು, ಸಾರ್ಟಬಲ್ ಅನ್ನು ಟೇಬಲ್‌ಗೆ ಹಚ್ಚದೆ ಟಿಬಾಡಿಗೆ ಹಚ್ಚಿ.

ಫೋನಿನ ವಿಷಯ ದೊಡ್ಡದು. ಜೆಕ್ವೆರಿ ಯುಐ ಬಂದಿದ್ದು 2007ರಲ್ಲಿ, ಮೌಸ್ ಒಂದನ್ನೇ ನಂಬಿದ ಕಾಲದ್ದು. ಅದು ಬೆರಳಿನ ಎಳೆತಕ್ಕೆ ಸ್ಪಂದಿಸಲ್ಲ. ಹಾಗಾದರೆ ಬ್ರೌಸರ್‌ನದೇ ಡ್ರ್ಯಾಗ್ ಅಂಡ್ ಡ್ರಾಪ್ ಇದೆಯಲ್ಲ ಅಂತ ನೀವು ಕೇಳಬಹುದು. ಅದು ಮೈಕ್ರೋಸಾಫ್ಟ್ 1999ರಲ್ಲಿ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 5ಕ್ಕೆ ಮಾಡಿದ್ದು, ಆಮೇಲೆ ಎಚ್‌ಟಿಎಂಎಲ್ 5ಕ್ಕೆ ಬಂತು. ಅದರ ಸ್ವಭಾವವೇ ಬೇರೆ: ಡ್ರ್ಯಾಗಬಲ್ ಅಂತ ಬರೆದರೆ ಸಾಲದು, ಟ್ರೂ ಅನ್ನೋ ಬೆಲೆಯನ್ನೂ ಕೊಡಬೇಕು. ಡ್ರ್ಯಾಗ್‌ಓವರ್‌ನಲ್ಲಿ ಪ್ರಿವೆಂಟ್‌ಡಿಫಾಲ್ಟ್ (ಬ್ರೌಸರ್‌ನ ಮೂಲ ನಡೆಯನ್ನು ತಡೆಯೋ ಫಂಕ್ಷನ್) ಕರೆಯದಿದ್ದರೆ ಡ್ರಾಪ್ ಬರೋದೇ ಇಲ್ಲ, ಯಾಕೆಂದರೆ "ಇಲ್ಲಿ ಬಿಡುವ ಹಾಗಿಲ್ಲ" ಅನ್ನೋದೇ ಅದರ ಮೂಲ ನಿಯಮ. ಒಂದು ವಿಂಡೋದಿಂದ ಇನ್ನೊಂದಕ್ಕೆ ಫೈಲ್ ಎಳೆದು ಹಾಕಲು ಅದು ಒಳ್ಳೆಯದೇ. ಬೆರಳಿಗೆ ಮಾತ್ರ ಅದನ್ನು ನಂಬಬೇಡಿ. ಕೆಲವು ಫೋನಿನಲ್ಲಿ ಒತ್ತಿ ಹಿಡಿದರೆ ಬರುತ್ತೆ, ಕೆಲವದರಲ್ಲಿ ಬರಲ್ಲ.

ನನ್ನ ಸಲಹೆ ಪಾಯಿಂಟರ್ ಈವೆಂಟ್ಸ್, ಅಂದರೆ ಒತ್ತಿದ್ದು, ಸರಿದದ್ದು, ಬಿಟ್ಟದ್ದನ್ನು ಬ್ರೌಸರ್ ನಿಮ್ಮ ಕೋಡಿಗೆ ತಿಳಿಸುವ ಸುದ್ದಿಗಳು. ಮೌಸ್, ಬೆರಳು, ಪೆನ್ ಮೂರಕ್ಕೂ ಒಂದೇ ಕೋಡ್. ಇಡೀ ಸಾಲನ್ನು ಎಳೆಯುವ ಹಾಗೆ ಮಾಡಬೇಡಿ, ಸಾಲಿನ ಮೊದಲಲ್ಲಿ ಒಂದು ಹಿಡಿ ಇಡಿ, ಆರು ಚುಕ್ಕಿಯ ಗುರುತಾದರೂ ಸಾಕು. ಆ ಹಿಡಿಗೆ ಮಾತ್ರ ಸಿಎಸ್‌ಎಸ್‌ನಲ್ಲಿ ಟಚ್‌-ಆ್ಯಕ್ಷನ್ ನನ್ (none) ಕೊಡಿ. ಇದನ್ನು ಕೊಡದಿದ್ದರೆ ಬೆರಳು ಜರುಗಿದ ಕೂಡಲೇ ಬ್ರೌಸರ್ "ಇವರು ಪುಟ ಸರಿಸ್ತಿದ್ದಾರೆ" ಅಂದುಕೊಂಡು ಪಾಯಿಂಟರ್‌ಕ್ಯಾನ್ಸಲ್ ಕಳಿಸಿ ನಿಮ್ಮ ಕೈಯಿಂದ ಎಳೆತ ಕಿತ್ತುಕೊಳ್ಳುತ್ತೆ. ಇಡೀ ಸಾಲಿಗೇ ಕೊಟ್ಟರೆ 40 ಊರಿನ ಪಟ್ಟಿಯನ್ನು ಫೋನಿನಲ್ಲಿ ಸರಿಸೋಕೇ ಆಗಲ್ಲ.

ಹಿಡಿ ಒತ್ತಿದಾಗ ಸೆಟ್‌ಪಾಯಿಂಟರ್‌ಕ್ಯಾಪ್ಚರ್ ಕರೆಯಿರಿ. ಬೆರಳು ಅತ್ತಿತ್ತ ಹೋದರೂ ಸುದ್ದಿ ಹಿಡಿಗೇ ಬರುತ್ತೆ. ಆದರೆ ಎಲ್ಲ ಸುದ್ದಿಯೂ ಹಿಡಿಯ ಹೆಸರಲ್ಲೇ ಬರೋದರಿಂದ, ಬೆರಳು ಈಗ ಯಾವ ಸಾಲಿನ ಮೇಲಿದೆ ಅಂತ ನೀವೇ ಲೆಕ್ಕ ಹಾಕಬೇಕು: ಪಕ್ಕದ ಸಾಲಿನ ಮೇಲಂಚು, ಎತ್ತರ ತೆಗೆದುಕೊಂಡು, ಬೆರಳು ಅದರ ನಡುಭಾಗ ದಾಟಿತೇ ನೋಡಿ. ದಾಟಿದರೆ ಅದಲುಬದಲು.

ಇಲ್ಲಿ ಬಹಳ ಜನ ಜಾರುವ ಜಾಗ ಇದೆ. ಅದಲುಬದಲು ಮಾಡುವಾಗ ಎಳೆಯುತ್ತಿರುವ ಸಾಲನ್ನು ಇನ್ಸರ್ಟ್‌ಬಿಫೋರ್‌ನಿಂದ ಜರುಗಿಸಬೇಡಿ. ಇನ್ಸರ್ಟ್‌ಬಿಫೋರ್ ಅಂದರೆ ಒಳಗೊಳಗೆ ಕಿತ್ತು ಮತ್ತೆ ನೆಡುವುದೇ. ಕಿತ್ತ ಕ್ಷಣ ಪಾಯಿಂಟರ್ ಕ್ಯಾಪ್ಚರ್ ತಪ್ಪಿಹೋಗುತ್ತೆ, ಎಳೆತ ಅರ್ಧಕ್ಕೆ ನಿಲ್ಲುತ್ತೆ. ಎಳೆಯುತ್ತಿರುವ ಸಾಲು ಇದ್ದಲ್ಲೇ ಇರಲಿ, ಪಕ್ಕದ ಸಾಲನ್ನು ಅದರ ಇನ್ನೊಂದು ಬದಿಗೆ ದಾಟಿಸಿ. ಕಣ್ಣಿಗೆ ಫಲ ಒಂದೇ, ಹಿಡಿತ ಮಾತ್ರ ತಪ್ಪಲ್ಲ. ಇದು ನನಗೆ ಹೊಳೆಯೋಕೆ ಎರಡು ದಿನ ಹಿಡಿದಿತ್ತು, ಅದಕ್ಕೇ ಇಷ್ಟು ಒತ್ತಿ ಹೇಳ್ತಿದ್ದೀನಿ.

ಇಷ್ಟನ್ನೆಲ್ಲ ಬರೆಯೋಕೆ ಸಮಯ ಇಲ್ಲ ಅಂದರೆ ಸಾರ್ಟಬಲ್‌ಜೆಎಸ್ ಅನ್ನೋ ಲೈಬ್ರರಿ ಇದೆ, ಜೆಕ್ವೆರಿ ಬೇಕಿಲ್ಲ, ಬೆರಳಿಗೂ ಕೆಲಸ ಮಾಡುತ್ತೆ. ಅದನ್ನೂ ಟಿಬಾಡಿಗೇ ಹಚ್ಚಿ, ಹ್ಯಾಂಡಲ್ ಆಯ್ಕೆಯಲ್ಲಿ ಹಿಡಿಯನ್ನು ತೋರಿಸಿ. ಹಾಲಿನ ಗಾಡಿ ನಾಳೆ ಬೆಳಿಗ್ಗೆಯೇ ಹೊರಡಬೇಕಿದ್ದರೆ ನಾನೂ ಇದನ್ನೇ ಹಾಕ್ತಿದ್ದೆ.

ಕ್ರಮಸಂಖ್ಯೆಯನ್ನು ಜಾವಾಸ್ಕ್ರಿಪ್ಟ್‌ನಲ್ಲಿ ಮತ್ತೆ ಮತ್ತೆ ಬರೆಯಬೇಡಿ. ಸಿಎಸ್‌ಎಸ್ ಕೌಂಟರ್ ಬಳಸಿ, ಸಾಲು ಎಲ್ಲಿಗೆ ಹೋದರೂ ಸಂಖ್ಯೆ ತಾನೇ ಸರಿಹೋಗುತ್ತೆ. ಕೌಂಟರ್‌ನ ಶೈಲಿ ಕನ್ನಡ ಅಂತ ಕೊಟ್ಟರೆ ಕನ್ನಡ ಅಂಕಿಯಲ್ಲೇ ಬರುತ್ತೆ, ಅದಕ್ಕೆ ಬೇರೆ ಏನೂ ಬೇಡ. ನನಗೆ ಅದನ್ನು ನೋಡಿದಾಗಲೆಲ್ಲ ಖುಷಿ.

ಇನ್ನು ರಿಫ್ರೆಶ್. ಎಳೆದಾಗ ಬದಲಾಗಿದ್ದು ಪರದೆ ಮಾತ್ರ, ಡೇಟಾಬೇಸ್‌ಗೆ ಯಾರೂ ಹೇಳಿಲ್ಲ. ಪ್ರತಿ ಸಾಲಿಗೂ ಊರಿನ ಐಡಿ ಡೇಟಾ-ಐಡಿ ಅಂತ ಇರಲಿ. ಬೆರಳು ಬಿಟ್ಟ ಮೇಲೆ ಮೇಲಿನಿಂದ ಕೆಳಗೆ ಎಲ್ಲ ಐಡಿ ಓದಿ, ಆ ಇಡೀ ಪಟ್ಟಿಯನ್ನು ಸರ್ವರ್‌ಗೆ ಕಳಿಸಿ. "7ನೇದು 3ಕ್ಕೆ ಹೋಯ್ತು" ಅಂತ ಕಳಿಸಬೇಡಿ. ಹಳ್ಳಿ ರಸ್ತೆಯಲ್ಲಿ ನೆಟ್‌ವರ್ಕ್ ಹೋಗಿ ಬಂದು ಅದೇ ಸಂದೇಶ ಎರಡು ಸಲ ತಲುಪಿದರೆ ಕ್ರಮ ಕೆಡುತ್ತೆ. ಇಡೀ ಪಟ್ಟಿ ಎಷ್ಟು ಸಲ ತಲುಪಿದರೂ ಫಲ ಒಂದೇ. ಸರ್ವರ್‌ನಲ್ಲಿ ಆ ಐಡಿಗಳೆಲ್ಲ ಅದೇ ರೂಟಿನವೇ, ಒಂದೂ ಬಿಟ್ಟಿಲ್ಲವೇ ಅಂತ ನೋಡಿ, ಒಂದೇ ಟ್ರಾನ್ಸಾಕ್ಷನ್‌ನಲ್ಲಿ (ಎಲ್ಲವೂ ಉಳಿಯಬೇಕು, ಇಲ್ಲವೇ ಒಂದೂ ಉಳಿಯಬಾರದು ಅನ್ನೋ ಹಾಗೆ) ಸ್ಥಾನ ಬರೆಯಿರಿ. ಉಳಿಸೋಕೆ ಆಗದಿದ್ದರೆ ಸಾಲುಗಳನ್ನು ಹಳೇ ಜಾಗಕ್ಕೆ ತಂದು "ಉಳಿಯಲಿಲ್ಲ" ಅಂತ ಕನ್ನಡದಲ್ಲಿ ಸ್ಪಷ್ಟವಾಗಿ ತೋರಿಸಿ. ಕ್ರಮ ಬದಲಾಗಿದೆ ಅಂತ ನಂಬಿದ ಸೂಪರ್‌ವೈಸರ್, ಹಳೇ ಕ್ರಮದಲ್ಲೇ ಹೊರಟ ಗಾಡಿ, ರಸ್ತೆ ಬದಿ ಬಿಸಿಲಲ್ಲಿ ಕಾಯೋ ಹಾಲು: ಈ ಮೂರೂ ಒಂದೇ ದಿನ ಸೇರಬಾರದು.

ಇನ್ನೊಬ್ಬ ಸದಸ್ಯರು:

ಮೇಡಂ, ಸ್ಥಾನದ ಕಾಲಂಗೆ ನಾನು ಯುನಿಕ್ ಹಾಕಿದ್ದೆ, ಒಂದೇ ರೂಟಲ್ಲಿ ಎರಡು 3 ಬರಬಾರದು ಅಂತ. ಒಂದೊಂದೇ ಸಾಲು ಅಪ್‌ಡೇಟ್ ಮಾಡುವಾಗ ಮಧ್ಯದಲ್ಲಿ ಡೂಪ್ಲಿಕೇಟ್ ಎರರ್ ಬರುತ್ತೆ. ಯುನಿಕ್ ತೆಗೆದುಬಿಡಲಾ? ಸಾಲುಗಳ ನಡುವೆ 1000 ಅಂತರ ಬಿಡಬೇಕು ಅಂತ ಎಲ್ಲೋ ಓದಿದೆ, ಅದು ಸರೀನಾ?

ಉತ್ತರ:

ತೆಗೆಯಬೇಡಿ, ಅದು ನಿಮ್ಮ ಕಾವಲು. ನಿಮ್ಮ ಡೇಟಾಬೇಸ್ ಪೋಸ್ಟ್‌ಗ್ರೆಸ್ ಆದರೆ ಆ ನಿರ್ಬಂಧವನ್ನು ಡಿಫರಬಲ್ ಮಾಡಿ, ಟ್ರಾನ್ಸಾಕ್ಷನ್‌ನ ಕೊನೆಗೆ ಪರೀಕ್ಷಿಸು ಅಂತ ಹೇಳಬಹುದು. ಮೈಎಸ್‌ಕ್ಯುಎಲ್‌ನಲ್ಲಿ ಆ ಸೌಲಭ್ಯ ಇಲ್ಲ. ಅಲ್ಲಿ ಒಂದೇ ಟ್ರಾನ್ಸಾಕ್ಷನ್ ಒಳಗೆ ಮೊದಲು ಎಲ್ಲ ಸ್ಥಾನಗಳನ್ನೂ ಮೈನಸ್ ಸಂಖ್ಯೆ ಮಾಡಿ, ಆಮೇಲೆ ಹೊಸ ಸ್ಥಾನ ಬರೆಯಿರಿ. ಕಾಲಂ ಅನ್‌ಸೈನ್ಡ್ (ಮೈನಸ್ ಸಂಖ್ಯೆ ಒಪ್ಪದ್ದು) ಆಗಿರಬಾರದು ಅಷ್ಟೆ.

1000 ಅಂತರದ ಉಪಾಯ ಸಾವಿರಾರು ಸಾಲು ಇರುವವರಿಗೆ. ಎರಡರ ನಡುವಿನ ಸಂಖ್ಯೆ ಕೊಟ್ಟರೆ ಒಂದೇ ಸಾಲು ಅಪ್‌ಡೇಟ್ ಮಾಡಿದರಾಯ್ತು. ಆದರೆ ಪ್ರತಿ ಸಲ ಮೇಲಿನ ಸಾಲಿಗೆ ಅಂಟಿದಂತೆ ಹೊಸದನ್ನು ತೂರಿಸುತ್ತ ಹೋದರೆ 500, 250, 125 ಅಂತ ಇಳಿದು 9ನೇ ಸಲಕ್ಕೆ ಜಾಗ ಮುಗಿಯುತ್ತೆ, ಮತ್ತೆ ಎಲ್ಲಕ್ಕೂ ಹೊಸ ಸಂಖ್ಯೆ ಕೊಡಬೇಕು. 40 ಊರಿಗೆ ಆ ಗೋಜು ಬೇಡ.

ಮತ್ತೊಬ್ಬ ಸದಸ್ಯೆ:

ನನಗೆ ಕಣ್ಣು ಕಾಣಲ್ಲ, ಎನ್‌ವಿಡಿಎ ಸ್ಕ್ರೀನ್ ರೀಡರ್ ಬಳಸಿ ಆಫೀಸ್ ಕೆಲಸ ಮಾಡ್ತೀನಿ. "ಎಳೆದು ಬಿಡಿ" ಅಂತ ಬರೆದಿರೋ ಪುಟ ಬಂದರೆ ಪಕ್ಕದ ಸೀಟಿನವರನ್ನು ಕರೀಬೇಕಾಗುತ್ತೆ. ಎಳೆಯದೆ ಕ್ರಮ ಬದಲಿಸೋ ದಾರಿಯನ್ನೂ ಇವರು ಇಟ್ಟರೆ ಒಳ್ಳೆಯದು.

ಉತ್ತರ:

ನೀವು ಹೇಳಿದ್ದು ನಾನು ಮೊದಲ ಉತ್ತರದಲ್ಲೇ ಬರೆಯಬೇಕಿತ್ತು. ಕ್ಷಮಿಸಿ, ಈಗ ಬರೀತೀನಿ.

ಪ್ರತಿ ಸಾಲಿನಲ್ಲೂ "ಮೇಲೆ", "ಕೆಳಗೆ" ಅಂತ ಎರಡು ನಿಜವಾದ ಬಟನ್ ಇಡಿ, ಚಿತ್ರ ಅಂಟಿಸಿದ ಡಿವ್ ಅಲ್ಲ. 40 ಬಟನ್‌ಗಳೂ ಬರೀ "ಮೇಲೆ, ಮೇಲೆ" ಅಂತ ಓದಿಸಿದರೆ ಯಾರಿಗೂ ತಿಳಿಯಲ್ಲ. ಏರಿಯಾ-ಲೇಬಲ್‌ನಲ್ಲಿ (ಸ್ಕ್ರೀನ್ ರೀಡರ್ ಓದುವ ಹೆಸರು) ಊರಿನ ಹೆಸರು ಸೇರಿಸಿ "ಇಂಥ ಊರನ್ನು ಮೇಲೆ ಸರಿಸಿ" ಅಂತ ಕೊಡಿ. ಸರಿದ ಮೇಲೆ ಏರಿಯಾ-ಲೈವ್ ಇರುವ ಒಂದು ಕಣ್ಮರೆ ಜಾಗದಲ್ಲಿ "40ರಲ್ಲಿ 6ನೇ ಸ್ಥಾನ" ಅಂತ ಬರೆದರೆ ರೀಡರ್ ಅದನ್ನು ಹೇಳುತ್ತೆ. ಸಾಲನ್ನು ಹಿಡಿದಿದೆ ಅಂತ ಸೂಚಿಸುವ ಏರಿಯಾ-ಗ್ರ್ಯಾಬ್ಡ್ ಅನ್ನೋದು ಹಳೇ ಪಾಠಗಳಲ್ಲಿ ಸಿಗುತ್ತೆ, ಏರಿಯಾ ನಿಯಮಾವಳಿಯ 1.1ನೇ ಆವೃತ್ತಿಯಲ್ಲೇ ಅದನ್ನು ಕೈಬಿಡಬೇಕಾದ ಪಟ್ಟಿಗೆ ಸೇರಿಸಿದ್ದಾರೆ, ಹಾಕಬೇಡಿ.

ಇಲ್ಲೂ ಪಕ್ಕದ ಸಾಲಿನ ಮಾತು ಮರೆಯಬೇಡಿ. ಒತ್ತಿದ ಬಟನ್ ಇರುವ ಸಾಲನ್ನೇ ಕಿತ್ತು ನೆಟ್ಟರೆ ಫೋಕಸ್ (ಕೀಬೋರ್ಡ್ ಈಗ ಯಾವುದರ ಮೇಲಿದೆ ಅನ್ನೋ ಗುರುತು) ಕಳೆದುಹೋಗಿ ಕೀಬೋರ್ಡ್ ಬಳಸುವವರು ದಾರಿ ತಪ್ಪುತ್ತಾರೆ. ಪಕ್ಕದ ಸಾಲನ್ನು ದಾಟಿಸಿದರೆ ಫೋಕಸ್ ಬಟನ್ ಮೇಲೇ ಇರುತ್ತೆ, ಮತ್ತೆ ಮತ್ತೆ ಎಂಟರ್ ಒತ್ತುತ್ತಾ ಸಾಲನ್ನು ಮೇಲೇರಿಸಬಹುದು. ಫೋಕಸ್ ಕಳೆಯದೆ ಸರಿಸುವ ಮೂವ್‌ಬಿಫೋರ್ 2025ರಲ್ಲಿ ಕ್ರೋಮ್ 133ಕ್ಕೆ ಬಂದಿದೆ, ಆದರೆ ಸೂಪರ್‌ವೈಸರ್‌ಗಳ ಹಳೇ ಫೋನಿನಲ್ಲಿ ಅದು ಇರುತ್ತೆ ಅಂತ ಎಣಿಸೋಕಾಗಲ್ಲ.

ವೆಬ್ ಪುಟ ಎಲ್ಲರಿಗೂ ಬಳಸಲು ಬರುವಂತಿರಬೇಕು ಅನ್ನೋ ಮಾನದಂಡಗಳ ಪಟ್ಟಿ ಡಬ್ಲ್ಯುಸಿಎಜಿ 2.2 ಬಂದಿದ್ದು 2023ರ ಅಕ್ಟೋಬರ್‌ನಲ್ಲಿ. ಎಳೆದು ಮಾಡುವ ಯಾವುದೇ ಕೆಲಸವನ್ನು ಎಳೆಯದೆ, ಬರೀ ಒತ್ತಿಯೂ ಮಾಡುವಂತಿರಬೇಕು ಅಂತ ಅದರ 2.5.7ನೇ ಮಾನದಂಡ ಹೇಳುತ್ತೆ. ಅದು ಕಣ್ಣು ಕಾಣದವರಿಗಷ್ಟೇ ಅಲ್ಲ, ಕೈ ನಡುಗುವವರಿಗೆ, ಜೋಲಾಡೋ ಜೀಪಿನಲ್ಲಿ ಕೂತು ಒಂದೇ ಕೈಯಲ್ಲಿ ಫೋನ್ ಹಿಡಿದವರಿಗೂ ಬೇಕು.

ಪ್ರಶ್ನೆ ಕೇಳಿದವರು (ಎಂಟು ದಿನದ ಮೇಲೆ):

ಮೇಡಂ, ಎಲ್ಲರಿಗೂ ತುಂಬಾ ಧನ್ಯವಾದ. ಫೋನಿನಲ್ಲಿ ಸಾಲು ಬರ್ತಿದೆ, ಉಳೀತಿದೆ. ಬಟನ್ ಹಾಕಿದ ಮೇಲೆ ಸೂಪರ್‌ವೈಸರ್‌ಗಳು ಎಳೆಯೋದಕ್ಕಿಂತ ಬಟನ್ನೇ ಹೆಚ್ಚು ಒತ್ತುತ್ತಾರೆ. 38ನೇ ಊರನ್ನು 2ಕ್ಕೆ ತರೋದು ಮಾತ್ರ ಎರಡರಲ್ಲೂ ಬೇಸರದ ಕೆಲಸ. ಇನ್ನೊಂದು, ನಿನ್ನೆ ಇಬ್ಬರು ಒಂದೇ ರೂಟ್ ಬದಲಿಸಿದರು, ಮೊದಲನೆಯವರ ಕೆಲಸ ಅಳಿಸಿಹೋಯ್ತು. ಮತ್ತೆ, ಊರು ಸರಿಸಿದಾಗ "ಗಾಡಿ ಬರುವ ಹೊತ್ತು" ಕೂಡ ಅದರ ಜೊತೆ ಹೋಗಿ, 2ನೇ ಊರಿಗೆ 9:40, 3ನೇ ಊರಿಗೆ 6:15 ಅಂತ ತೋರಿಸ್ತಿದೆ.

ಉತ್ತರ:

ದೂರದ ಊರಿಗೆ ಕ್ರಮಸಂಖ್ಯೆಯ ಜಾಗದಲ್ಲಿ ಒಂದು ಸಣ್ಣ ಬಾಕ್ಸ್ ಕೊಡಿ. 2 ಅಂತ ಬರೆದು ಎಂಟರ್ ಒತ್ತಿದರೆ ಸಾಲು ನೇರ ಅಲ್ಲಿಗೆ ಹೋಗಲಿ. ಸಂಖ್ಯೆ ಕೇಳಿಸಿಕೊಂಡು ಕೆಲಸ ಮಾಡುವವರಿಗೂ ಇದೇ ಸಲೀಸು.

ಇಬ್ಬರ ವಿಷಯಕ್ಕೆ ರೂಟ್‌ಗೊಂದು ಆವೃತ್ತಿ ಸಂಖ್ಯೆ ಇಡಿ. ಪುಟ ತೆರೆದಾಗ ಇದ್ದ ಸಂಖ್ಯೆ ಪಟ್ಟಿಯ ಜೊತೆ ಹೋಗಲಿ. ಸರ್ವರ್‌ನಲ್ಲಿ ಅಷ್ಟರಲ್ಲಿ ಅದು ಏರಿದ್ದರೆ 409 (ಘರ್ಷಣೆ ಅಂತ ಸೂಚಿಸೋ ಸರ್ವರ್ ಉತ್ತರದ ಸಂಖ್ಯೆ) ಕಳಿಸಿ, "ಬೇರೆಯವರು ಕ್ರಮ ಬದಲಿಸಿದ್ದಾರೆ, ಹೊಸದನ್ನು ನೋಡಿ" ಅಂತ ತೋರಿಸಿ. ತಾನೇ ಬೆರೆಸುವ ಜಾಣತನ ಬೇಡ. ಎರಡು ಕ್ರಮ ಬೆರೆಸಿದರೆ ಇಬ್ಬರಿಗೂ ಬೇಡದ ಮೂರನೇ ದಾರಿ ಹುಟ್ಟುತ್ತೆ.

ಹೊತ್ತಿನ ಪ್ರಶ್ನೆ ಮಾತ್ರ ಕೋಡಿನದಲ್ಲ. ಊರಿನ ಹೆಸರು, ಕ್ಯಾನ್ ಊರಿಗೆ ಸೇರಿದ್ದು, ಸಾಲಿನ ಜೊತೆ ಹೋಗಬೇಕು. ಗಾಡಿ ಬರುವ ಹೊತ್ತು ಊರಿಗೂ ಸೇರಿಲ್ಲ, ಸ್ಥಾನಕ್ಕೂ ಸೇರಿಲ್ಲ. ಅದು ಹಿಂದಿನ ಊರು ಯಾವುದು ಅನ್ನೋದರ ಮೇಲೆ ನಿಂತಿದೆ. ಹಾಗಾಗಿ ಅದನ್ನು ಸಾಲಿನಲ್ಲಿ ಉಳಿಸಬೇಡಿ. ಗಾಡಿ ಹೊರಡುವ ಹೊತ್ತು ರೂಟಿನಲ್ಲಿರಲಿ, ಈ ಊರಿಂದ ಆ ಊರಿಗೆ ಎಷ್ಟು ನಿಮಿಷ ಅನ್ನೋದು ಬೇರೆ ಟೇಬಲ್‌ನಲ್ಲಿರಲಿ, ಕ್ಯಾನ್ ಏರಿಸೋ ನಿಮಿಷ ಊರಿನಲ್ಲಿರಲಿ. ಸಾಲು ಸರಿದ ಕೂಡಲೇ ಮೇಲಿನಿಂದ ಕೂಡುತ್ತಾ ಬನ್ನಿ. ಯಾವ ಎರಡು ಊರಿನ ನಡುವಿನ ನಿಮಿಷ ನಿಮ್ಮಲ್ಲಿ ಇಲ್ಲವೋ, ಅಲ್ಲಿಂದ ಕೆಳಗೆ ಹೊತ್ತನ್ನು ಖಾಲಿ ಬಿಟ್ಟು ಸೂಪರ್‌ವೈಸರನ್ನೇ ಕೇಳಿ. ಆ ನಿಮಿಷಗಳನ್ನು ಮೊದಲ ಸಲ ತುಂಬಿಸುವಾಗ ಗಾಡಿಯ ಡ್ರೈವರ್ ಜೊತೆ ಒಂದು ಬೆಳಿಗ್ಗೆ ಕೂತು ಬರೆದುಕೊಳ್ಳಿ, ಮ್ಯಾಪ್ ನೋಡಿ ಹಾಕಬೇಡಿ.