ಕಾಡಲ್ಲಿ ಕಾಲು ಮುರಿದರೆ ಪಿಎಲ್‌ಬಿ ಒತ್ತೋದು ಯಾವಾಗ, ಒತ್ತಿದ ಮೇಲೇನು?

ಪ್ರಶ್ನೆ: ಜುಲೈನಲ್ಲಿ ನಾವಿಬ್ಬರೂ, ಗಂಡ-ಹೆಂಡತಿ, ಕ್ಯಾಲಿಫೋರ್ನಿಯಾದ ಜಾನ್ ಮ್ಯೂರ್ ಟ್ರೇಲ್ ಚಾರಣಕ್ಕೆ ಹೊರಟಿದ್ದೀವಿ. ದಾರಿಯುದ್ದಕ್ಕೂ ಫೋನ್ ಸಿಗ್ನಲ್ ಇರಲ್ಲ ಅಂತ ಪಿಎಲ್‌ಬಿ (ಒತ್ತಿದರೆ ಉಪಗ್ರಹದ ಮೂಲಕ ತುರ್ತು ಸಂಕೇತ ಕಳಿಸುವ ಪುಟ್ಟ ಬೀಕನ್) ಕೊಂಡಿದ್ದೀವಿ. ಬಿದ್ದು ಪೆಟ್ಟಾದರೆ ಏನು ಮಾಡಬೇಕು? ಡಿಸೆಂಬರ್‌ನಲ್ಲಿ ಊರಿಗೆ ಬಂದಾಗ ಕುದುರೆಮುಖಕ್ಕೂ ಇದನ್ನೇ ತರಬಹುದಾ?

ಉತ್ತರ: ಮೊದಲು ಅಮೆರಿಕದ ಸಾಗರ-ಹವಾಮಾನ ಸಂಸ್ಥೆ ನೋವಾದ ವೆಬ್‌ಸೈಟಲ್ಲಿ ಪಿಎಲ್‌ಬಿ ನೋಂದಣಿ ಮಾಡಿ. ದುಡ್ಡಿಲ್ಲ. ಬೀಕನ್ ಮೇಲಿರುವ 15 ಅಕ್ಷರದ ಐಡಿ ತಪ್ಪಿಲ್ಲದೆ ಹಾಕಿ, ಎರಡು ವರ್ಷಕ್ಕೊಮ್ಮೆ ನವೀಕರಿಸಿ. ಬೀಕನ್ ಹೇಳೋದು ಎರಡೇ ಮಾತು: ಇದು ಯಾರದು, ಎಲ್ಲಿದೆ. ಕಾಲು ಮುರೀತಾ, ಎದೆನೋವಾ ಅಂತ ಅದಕ್ಕೆ ಹೇಳೋಕೆ ಬರಲ್ಲ. ಅದಕ್ಕೇ ಫ್ಲೋರಿಡಾದ ಟಿಂಡಲ್‌ನಲ್ಲಿರುವ ವಾಯುಪಡೆಯ ರಕ್ಷಣಾ ಕೇಂದ್ರದವರು ನೀವು ಕೊಟ್ಟ ತುರ್ತು ನಂಬರಿಗೆ ಫೋನ್ ಮಾಡ್ತಾರೆ. ಮೈಸೂರಿನ ಅಪ್ಪ-ಅಮ್ಮನ ನಂಬರ್ ಕೊಡಬೇಡಿ. ಕ್ಯಾಲಿಫೋರ್ನಿಯಾದಲ್ಲಿ ಮಧ್ಯಾಹ್ನ ಮೂರು ಅಂದರೆ ಮೈಸೂರಲ್ಲಿ ಬೆಳಗಿನ ಜಾವ ಮೂರೂವರೆ. ಅಪರಿಚಿತ ನಂಬರನ್ನೂ ಎತ್ತುವ, ನಿಮ್ಮ ದಾರಿ ಗೊತ್ತಿರುವ ಅಮೆರಿಕದ ಸ್ನೇಹಿತರದ್ದು ಕೊಡಿ. ಹೊರಡುವ ಮುನ್ನ ಟಿಪ್ಪಣಿ ಜಾಗದಲ್ಲಿ ಹೋಗಿ ಬರುವ ತಾರೀಖು, ಜನ ಎಷ್ಟು, ಟೆಂಟಿನ ಬಣ್ಣ, ನಿತ್ಯದ ಔಷಧಿ ಬರೆದಿಡಿ.

ಉತ್ತರ: ಕಾಲು ಉಳುಕಿದೆ, ಬಟ್ಟೆ ಸುತ್ತಿ ಕುಂಟಿಕೊಂಡು ಇಳಿಯೋಕಾಗುತ್ತೆ ಅಂದರೆ ಬೀಕನ್ ಒತ್ತಬೇಡಿ. ತೊಡೆ ಮುರಿದಿದ್ದರೆ, ಮೂಳೆ ಹೊರಗೆ ಕಂಡರೆ, ತಲೆಗೆ ಪೆಟ್ಟಾಗಿ ವಾಂತಿಯೋ ತೊದಲೋ ಶುರುವಾದರೆ ಯೋಚಿಸುತ್ತಾ ಕೂರಬೇಡಿ. ಮುರಿದ ಜಾಗದ ಕೆಳಗೆ ಕಾಲ್ಬೆರಳಿನ ಉಗುರು ಒತ್ತಿ ಬಿಡಿ. ಬಿಳಿಚಿದ್ದು ಎರಡು ಸೆಕೆಂಡಲ್ಲಿ ಕೆಂಪಾಗದೆ, ಪಾದ ತಣ್ಣಗಿದ್ದರೆ ಅದೂ ಬೀಕನ್ ಒತ್ತುವ ಕಾರಣವೇ. ಸಂಜೆವರೆಗೆ ನೋಡೋಣ ಅನ್ನೋದು ದೊಡ್ಡ ತಪ್ಪು. ಈ ದಾರಿ ಹಾಯುವ ಸಿಯೆರಾ ಬೆಟ್ಟಸಾಲಲ್ಲಿ ಬೇಸಿಗೆ ಮಧ್ಯಾಹ್ನ ಗುಡುಗು ಮೋಡ ಕಟ್ಟುತ್ತೆ, ಕತ್ತಲಾದ ಮೇಲೆ ಹೆಲಿಕಾಪ್ಟರ್ ಬರೋದು ಇನ್ನೂ ಕಷ್ಟ.

ಆದರೆ ರಕ್ತ ಸುರೀತಿದ್ದರೆ ಮೊದಲು ಗಾಯ ಅದುಮಿ ಹಿಡೀರಿ, ಬೀಕನ್ ಇನ್ನೊಬ್ಬರು ನೋಡಿಕೊಳ್ಳಲಿ. ಆಂಟೆನಾ ಪೂರ್ತಿ ಬಿಚ್ಚಿ ನೆಟ್ಟಗೆ ನಿಲ್ಲಿಸಿ, ಮರ ಅಥವಾ ಬಂಡೆಯ ಮರೆ ಇಲ್ಲದ ಕಡೆ ಇಡಿ. ಜಿಪಿಎಸ್ ಇರುವ ಜಾಗಕ್ಕೆ ಅಂಗೈ ಮುಚ್ಚಿ ಹಿಡಿಯೋರೇ ಜಾಸ್ತಿ, ಹಾಗೆ ಮಾಡಬೇಡಿ. ಜಿಪಿಎಸ್ ಸಿಕ್ಕರೆ ಸುಮಾರು 100 ಮೀಟರ್ ಒಳಗೆ ನಿಮ್ಮ ಜಾಗ ಗೊತ್ತಾಗುತ್ತೆ, ಸಿಗದಿದ್ದರೆ ಹುಡುಕುವ ವ್ಯಾಪ್ತಿ ಕಿಲೋಮೀಟರ್‌ಗಟ್ಟಲೆ. ಸುಮಾರು 50 ಸೆಕೆಂಡಿಗೊಮ್ಮೆ 406 ಮೆಗಾಹರ್ಟ್ಸ್‌ನಲ್ಲಿ ಸಂಕೇತ ಹೋಗ್ತಿರುತ್ತೆ. ಬ್ಯಾಟರಿ ಕನಿಷ್ಠ 24 ಗಂಟೆ ಬರುತ್ತೆ, ಉಳಿಸೋಣ ಅಂತ ಆಫ್ ಮಾಡಬೇಡಿ. ಹತ್ತಿರ ಬಂದ ಹೆಲಿಕಾಪ್ಟರ್ ನಿಮ್ಮನ್ನು ಹುಡುಕೋದು ಅದೇ ಬೀಕನ್‌ನ 121.5 ಮೆಗಾಹರ್ಟ್ಸ್‌ನ ಸಣ್ಣ ಸಿಗ್ನಲ್ ಹಿಡಿದು. ಅಲ್ಲಿಂದ ಕದಲಬೇಡಿ.

ಉತ್ತರ: ಮೆಸೇಜ್ ಕಳಿಸಿ ಉತ್ತರವನ್ನೂ ಪಡೀಬೇಕು ಅಂದರೆ ಇನ್‌ರೀಚ್ ಥರದ ಉಪಗ್ರಹ ಮೆಸೇಜ್ ಸಾಧನ ಬೇಕು, ತಿಂಗಳ ಚಂದಾ ಕಟ್ಟಬೇಕು. ಮೊದಲ ಮೆಸೇಜಲ್ಲೇ ಎಲ್ಲ ಬರಲಿ: "ಗಂಡಸು, 41. ಬಲ ತೊಡೆ ಮುರಿದಿದೆ. ಪ್ರಜ್ಞೆ ಇದೆ. ರಕ್ತ ನಿಂತಿದೆ. ನಡೆಯಲಾಗಲ್ಲ. ಒಟ್ಟು ಇಬ್ಬರು. ಕಿತ್ತಳೆ ಟೆಂಟ್." ಇಂಗ್ಲಿಷಲ್ಲೇ ಬರೀರಿ, ಪಾಪ ಮೆಸೇಜ್ ಓದುವ ತುರ್ತು ಕೇಂದ್ರದವರಿಗೆ ಕನ್ನಡ ಬರಲ್ಲ. ಪಿಎಲ್‌ಬಿಯನ್ನೂ ಒತ್ತಿದ್ದರೆ ಅದನ್ನೂ ತಿಳಿಸಿ. ಇಲ್ಲದಿದ್ದರೆ ಎರಡು ಬೇರೆ ಬೇರೆ ಅಪಘಾತ ಅಂದುಕೊಳ್ಳಬಹುದು.

ಉತ್ತರ: ಕಾಯುವಾಗ ನೆಲದ ತಂಡಿಯೇ ಶತ್ರು. ಮೇಲೆ ಹೊದಿಸೋಕೆ ಮುಂಚೆ ಮಲಗುವ ಮ್ಯಾಟ್ ಮೈಕೆಳಗೆ ಸೇರಿಸಿ. ಹೆಲಿಕಾಪ್ಟರ್ ಸದ್ದು ಕೇಳಿದ ಕೂಡಲೇ ಟೆಂಟ್, ಟೋಪಿ, ಪ್ಲಾಸ್ಟಿಕ್ ಹಾಳೆ ಎಲ್ಲ ಕಟ್ಟಿಡಿ, ಗಾಳಿಗೆ ಎದ್ದು ರೆಕ್ಕೆಗೆ ಸಿಕ್ಕೀತು. ಎರಡೂ ಕೈ ಓರೆಯಾಗಿ ಮೇಲೆತ್ತಿದರೆ "ಸಹಾಯ ಬೇಕು" ಅಂತ. ಸಿಬ್ಬಂದಿ ಕರೆಯುವವರೆಗೆ ಹತ್ತಿರ ಹೋಗಬೇಡಿ, ಬಾಲದ ಕಡೆಯಿಂದಂತೂ ಕರೆದರೂ ಬೇಡ. ನಿಮ್ಮ ದಾರಿಯಲ್ಲಿ ಸಿಗುವ ಮ್ಯೂರ್ ಪಾಸ್ ಎಂಬ ಕಣಿವೆದಾರಿ 3,600 ಮೀಟರಿಗಿಂತ ಎತ್ತರ. ತೆಳು ಗಾಳಿಯಲ್ಲಿ ಇಳಿಯೋಕಾಗದೆ ತಂಡ ನಡೆದೇ ಬರಬೇಕಾಗಬಹುದು, ಒಂದು ರಾತ್ರಿಗೆ ಸಿದ್ಧವಾಗಿರಿ.

ಉತ್ತರ: ಊರಿಗೆ ತರೋದು ಬೇಡ. ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಇನ್‌ರೀಚ್ ತಂದವರನ್ನು ವಿಮಾನ ನಿಲ್ದಾಣದಲ್ಲೇ ಹಿಡಿದಿದ್ದಾರೆ. ಪಿಎಲ್‌ಬಿಯೂ ರೇಡಿಯೋ ಉಪಕರಣವೇ. ಈ ಬೀಕನ್‌ಗಳ ಭಾರತದ ನಿಯಂತ್ರಣ ಕೇಂದ್ರ ಇರೋದು ಬೆಂಗಳೂರಲ್ಲೇ, ಇಸ್ರೋದ ಉಪಗ್ರಹ ಸಂಪರ್ಕ ಕೇಂದ್ರ ಇಸ್ಟ್ರಾಕ್‌ನಲ್ಲಿ. ಹಾಗಂತ ಅಮೆರಿಕದ ನೋಂದಣಿ ತೋರಿಸಿದರೆ ಕಸ್ಟಮ್ಸ್‌ನವರು ಬಿಡಲ್ಲ. ಕುದುರೆಮುಖಕ್ಕೆ ಅರಣ್ಯ ಇಲಾಖೆಯ ಅನುಮತಿ ಪತ್ರ, ಜೊತೆಗೆ ಸ್ಥಳೀಯ ಗೈಡ್ ಬೇಕೇ ಬೇಕು. ಯಾವ ತಿರುವಲ್ಲಿ ಸಿಗ್ನಲ್ ಸಿಗುತ್ತೆ ಅಂತ ಅವರನ್ನೇ ಹತ್ತುವಾಗಲೇ ಕೇಳಿಟ್ಟುಕೊಳ್ಳಿ, 112ಕ್ಕೆ ಫೋನ್ ಮಾಡೋಕೆ ಅಲ್ಲಿಗೇ ಓಡಬೇಕು.