ಅಪ್‌ಡೇಟ್: ಸೆಪ್ಟೆಂಬರ್ 30ರ ಕಾರ್ಯಕ್ರಮಕ್ಕೆ ಅನುದಾನ ಸಿಕ್ಕಿತು

ಎಲ್ಲರಿಗೂ ನಮಸ್ಕಾರ. ಸಾಸ್ಕಟೂನ್‌ನ ನಮ್ಮ ಬಡಾವಣೆಯವರು ಇಲ್ಲಿನ ಮೂಲನಿವಾಸಿಗಳಾದ ಕ್ರೀ ಸಮುದಾಯದ ಜೊತೆ ಸೇರಿ ಸತ್ಯ ಮತ್ತು ಸಮನ್ವಯ ದಿನ (ಮನೆಯವರಿಂದ ಬೇರೆ ಮಾಡಿ ವಸತಿ ಶಾಲೆಗಳಿಗೆ ಹಾಕಿದ್ದ ಮೂಲನಿವಾಸಿ ಮಕ್ಕಳನ್ನು ಕೆನಡಾ ನೆನೆಯುವ ದಿನ) ಮಾಡಬೇಕು, ಅನುದಾನದ ಅರ್ಜಿ ಯಾರ ಹೆಸರಲ್ಲಿ ಹಾಕೋದು ಅಂತ ಕೇಳಿದ್ದೆ ಅಲ್ವಾ? "ಅವರೇ ಮುಂದೆ ನಿಲ್ಲಲಿ, ನೀವು ಜೊತೆಗಿರಿ" ಅಂತ ತುಂಬಾ ಜನ ಹೇಳಿದಿರಿ. ಹಾಗೇ ಮಾಡಿದೆವು. ಕೆನಡಾ ಸರ್ಕಾರದ ಹಣ ಮಂಜೂರಾಗಿದೆ!

ಕ್ರೀ ಹಿರಿಯರ ಹತ್ತಿರ ಮಾತಾಡಲು ಹೋದಾಗ ಕೆಂಪು ಬಟ್ಟೆಯಲ್ಲಿ ಕಟ್ಟಿದ ಚೂರು ತಂಬಾಕು ಕೊಟ್ಟೆವು. ಅವರು ಕೈಗೆ ತೆಗೆದುಕೊಂಡರೆ ಕೋರಿಕೆ ಒಪ್ಪಿದರು ಅಂತ. ನಮ್ಮಲ್ಲಿ ತಾಂಬೂಲ ಕೊಟ್ಟು ಕರೆಯುವ ಹಾಗೆ.

ಬಜೆಟ್ ಬರೆಯುವಾಗ ಅವರ ಮಾತೇ ನಡೆಯಿತು. ನಾವು ವೇದಿಕೆ, ಮೈಕು ಅಂತ ಶುರು ಮಾಡಿದರೆ, ಒಬ್ಬ ಅಜ್ಜಿ ಮೊದಲು ಒಂದು ಸದ್ದಿಲ್ಲದ ಕೋಣೆ, ಅಲ್ಲಿ ಒಬ್ಬ ಆಪ್ತ ಸಲಹೆಗಾರರು ಬೇಕು ಅಂದರು. ಆ ವಸತಿ ಶಾಲೆಗಳ ಮಾತು ಬಂದರೆ ಅಲ್ಲಿ ಓದಿದವರಿಗೆ ತಡೆಯಲಾಗುವುದಿಲ್ಲ. ನಮ್ಮ ಪ್ರಾಂತ್ಯದ ಗೋರ್ಡನ್ಸ್ ವಸತಿ ಶಾಲೆ ಮುಚ್ಚಿದ್ದೇ 1996ರಲ್ಲಿ, ಅಲ್ಲಿದ್ದ ಕೆಲವರು ನನ್ನ ವಯಸ್ಸಿನವರು. ಇದು ಹಳೇ ಕಥೆ ಅಂತ ಯಾರಾದರೂ ಅಂದರೆ ನನಗೆ ನಿಜಕ್ಕೂ ಸಂಕಟ ಆಗುತ್ತದೆ.

ಅರ್ಜಿ ಹಾಕುವವರಿಗೆ ಒಂದು ಮಾತು: ಹಿರಿಯರ ಗೌರವಧನ, ಓಡಾಟದ ಖರ್ಚು, ಊಟ, ಎಲ್ಲವನ್ನೂ ಬೇರೆ ಬೇರೆ ಸಾಲಿನಲ್ಲಿ ತೋರಿಸಿ. "ಇತರೆ" ಅಂತ ಸುಮ್ನೆ ಒಟ್ಟಿಗೆ ಹಾಕಬೇಡಿ. ಅವರ ಸಮಯಕ್ಕೆ ಬೆಲೆ ಇದೆ, ಅದು ಕಾಗದದ ಮೇಲೂ ಕಾಣಬೇಕು.

ಆ ಮಕ್ಕಳ ನೆನಪಿಗೆ ಅವತ್ತು ಹಾಕಿಕೊಳ್ಳುವ ಕಿತ್ತಳೆ ಬಣ್ಣದ ಅಂಗಿಗಳನ್ನು ಮೂಲನಿವಾಸಿಗಳೇ ನಡೆಸುವ ಅಂಗಡಿಯಿಂದ ತರಿಸುತ್ತಿದ್ದೇವೆ. ಸಾಸ್ಕಟೂನ್ ಸುತ್ತಮುತ್ತ ಇರುವವರು ಬನ್ನಿ, ಅಡುಗೆಗೆ ಇನ್ನೂ ಜನ ಬೇಕು.